ಸಿಗರೇಟಿನ ಕೆಮ್ಮಿಗೆ ಹೃದಯದ ಟೆಸ್ಟ್ ಯಾಕೆ ಬರೆದರು?

ಹಳೇರೇಡಿಯೋ:
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಸಿಗರೇಟು ಶುರು ಮಾಡಿ 24 ವರ್ಷ ಆಯಿತು, ದಿನಕ್ಕೆ 10ರಿಂದ 12. ಮೂರು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಕೆಮ್ಮು. ವಾಷ್‌ಬೇಸಿನ್ ಹಿಡಿದು ಬಗ್ಗಿ ನಿಂತು ಹತ್ತು ನಿಮಿಷ ಕೆಮ್ಮಬೇಕು, ಅಂಟಂಟು ಕಫ ಹೊರಗೆ ಬಂದ ಮೇಲೆ ಎದೆ ಹಗುರ ಆಗುತ್ತದೆ. ಆಮೇಲೆ ದಿನವಿಡೀ ಏನೂ ಇಲ್ಲ. ಈಚೆಗೆ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದೆ, ಅಷ್ಟೇ.

ಹೆಂಡತಿಯ ಒತ್ತಾಯಕ್ಕೆ ಕಳೆದ ವಾರ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿದ್ದೆ. ಎಕ್ಸ್‌ರೇ ಸರಿ ಇದೆ. ಶ್ವಾಸಕೋಶದ ಶಕ್ತಿ ನೋಡಲು ಕೊಳವೆಗೆ ಊದುವ ಟೆಸ್ಟ್ ಕೂಡ ನಾರ್ಮಲ್. ಸದ್ಯ ಬಚಾವಾದೆ ಅಂದುಕೊಂಡೆ. ಆದರೆ ಅವರು ಬಿಪಿ ನೋಡಿ ಸ್ವಲ್ಪ ಜಾಸ್ತಿ ಇದೆ ಅಂದರು, ಚೀಟಿಯಲ್ಲಿ ಇಸಿಜಿ, ಕೊಲೆಸ್ಟರಾಲ್, ಸಕ್ಕರೆ ಎಲ್ಲ ಬರೆದರು. "ಹೃದಯದ್ದೂ ಒಂದು ಸಲ ನೋಡಿಬಿಡೋಣ" ಅಂದರು. ನನಗೆ ಎದೆನೋವು ಇಲ್ಲವೇ ಇಲ್ಲ. ಕೆಮ್ಮು ಅಂತ ಹೋದವನಿಗೆ ಹೃದಯದ ಟೆಸ್ಟ್ ಯಾಕೆ? ಇದು ನಿಜವಾಗಿ ಬೇಕಾ?

ಗಾಳಿಪಟ:
ಬೇಕು. ಮಾಡಿಸಿ. ಇಸಿಜಿಗೆ ಐದು ನಿಮಿಷ ಸಾಕು.

ಕಲ್ಲುಬಂಡೆ:
ನನಗೇನೋ ಅನುಮಾನ. ಊದುವ ಟೆಸ್ಟ್ ನಾರ್ಮಲ್ ಅಂದ ಮೇಲೆ ಶ್ವಾಸಕೋಶ ಚೆನ್ನಾಗಿದೆ, ಎದೆನೋವು ಇಲ್ಲ ಅಂದ ಮೇಲೆ ಹೃದಯ ಚೆನ್ನಾಗಿದೆ. ಸೇದುವವರಿಗೆಲ್ಲ ಬೆಳಗಿನ ಕೆಮ್ಮು ಇದ್ದದ್ದೇ. ನನಗೂ ಇದೆ, 15 ವರ್ಷದಿಂದ. ಒಂದು ಕೆಮ್ಮಿಗೆ ಇಡೀ ದೇಹ ತಪಾಸಣೆ ಮಾಡಿಸುತ್ತಾ ಕೂತರೆ ಕೊನೆ ಎಲ್ಲಿ?

ಉಸಿರುಲೆಕ್ಕ:
ಊದುವ ಟೆಸ್ಟ್ ಮಾಡಿಸುವುದೇ ನನ್ನ ಕೆಲಸ, ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಹಳೇರೇಡಿಯೋ ಅವರೇ, ನಿಮಗೆ ಮೂಗಿಗೆ ಕ್ಲಿಪ್ ಹಾಕಿದ್ದರಾ? ಪೂರ್ತಿ ಉಸಿರು ಎಳೆದು, ಒಂದೇ ಸಲ ಜೋರಾಗಿ ಬಿಟ್ಟು, ಆರು ಸೆಕೆಂಡಾದರೂ ಊದುತ್ತಲೇ ಇರಿ ಅಂತ ಹೇಳಿದ್ದರಾ? ಮೂರು ಸಲ ಸರಿಯಾಗಿ ಊದಿಸಿದರಾ? ಪಫ್ (ಶ್ವಾಸನಾಳ ತೆರೆಯುವ ಇನ್‌ಹೇಲರ್ ಔಷಧಿ) ಕೊಟ್ಟು 15 ನಿಮಿಷ ಕೂರಿಸಿ ಮತ್ತೆ ಊದಿಸಿದರಾ? ಅರ್ಧ ಊದಿ ನಿಲ್ಲಿಸಿದರೆ ಒಟ್ಟು ಗಾಳಿಯ ಅಳತೆ ಕಡಿಮೆ ಬರುತ್ತದೆ, ಆಗ ಅನುಪಾತ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದರೆ ಬರುವುದೇ ಆ ಅನುಪಾತ, ಪಫ್ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಬಂದರೆ ಸಿಓಪಿಡಿ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ) ಅಂತಾರೆ. ನಿಮ್ಮದು ಎಷ್ಟು ಬಂತು?

ಹಳೇರೇಡಿಯೋ:
ಕ್ಲಿಪ್ ಹಾಕಿದ್ದರು. "ಊದಿ, ಊದಿ, ಇನ್ನೂ ಊದಿ, ಬಿಡಬೇಡಿ" ಅಂತ ಪಕ್ಕದಲ್ಲೇ ನಿಂತು ಕೂಗುತ್ತಿದ್ದರು, ಕೊನೆಗೆ ತಲೆ ಸುತ್ತು ಬಂತು. ಪಫ್ ಕೊಟ್ಟ ಮೇಲೆ ಮತ್ತೆ ಮೂರು ಸಲ. ರಿಪೋರ್ಟಿನಲ್ಲಿ 0.74 ಅಂತಿದೆ.

ಉಸಿರುಲೆಕ್ಕ:
ಹಾಗಾದರೆ ಚೆನ್ನಾಗಿ ಮಾಡಿಸಿದ್ದಾರೆ. 0.74 ಅಂದರೆ ಗೆರೆ ದಾಟಿಲ್ಲ. ಆದರೆ ಗೆರೆಯಿಂದ ತುಂಬ ದೂರವೂ ಇಲ್ಲ. ಈ ರಿಪೋರ್ಟು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ವರ್ಷ ಹೋಲಿಸಿ ನೋಡಲು ಬೇಕು.

ಪೆನ್ಸಿಲ್‌ಚೂರು:
ಕಲ್ಲುಬಂಡೆಯವರೇ, "ಟೆಸ್ಟ್ ನಾರ್ಮಲ್, ಕೆಮ್ಮು ಇದ್ದದ್ದೇ" ಅನ್ನುವ ಮಾತಿಗೆ ಉತ್ತರ ಕೊಡುವ ಅಧ್ಯಯನ ಒಂದಿದೆ. 2016ರಲ್ಲಿ ಅಮೆರಿಕದ ಸಂಶೋಧಕರು ಊದುವ ಟೆಸ್ಟ್ ನಾರ್ಮಲ್ ಇದ್ದ ಧೂಮಪಾನಿಗಳನ್ನೇ ಆರಿಸಿ ನೋಡಿದರು, ಸೇದುತ್ತಿದ್ದವರು ಮತ್ತು ಬಿಟ್ಟವರು ಇಬ್ಬರನ್ನೂ. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕೆಮ್ಮು, ಕಫ, ಏದುಸಿರಿನಂಥ ತೊಂದರೆ ಚೆನ್ನಾಗಿಯೇ ಇತ್ತು. ತೊಂದರೆ ಇಲ್ಲದವರಿಗಿಂತ ಇವರಿಗೆ ಎದೆ ಕೆಟ್ಟು ಔಷಧಿ ತೆಗೆದುಕೊಳ್ಳಬೇಕಾಗಿ ಬಂದದ್ದು ಜಾಸ್ತಿ, ನಡೆಯುವ ಶಕ್ತಿ ಕಡಿಮೆ, ಸಿಟಿ ಸ್ಕ್ಯಾನಿನಲ್ಲಿ ಶ್ವಾಸನಾಳದ ಗೋಡೆ ದಪ್ಪ. ಅಂದರೆ ಟೆಸ್ಟ್ ನಾರ್ಮಲ್ ಅಂದಾಕ್ಷಣ ಶ್ವಾಸಕೋಶ ನಾರ್ಮಲ್ ಅಂತ ಅರ್ಥ ಆಗುವುದಿಲ್ಲ.

ಇನ್ನೊಂದು, ವರ್ಷಕ್ಕೆ ಮೂರು ತಿಂಗಳಾದರೂ ಕಫದ ಕೆಮ್ಮು ಇದ್ದು, ಎರಡು ವರ್ಷ ಬಿಡದೆ ಹಾಗೇ ನಡೆದರೆ ಅದಕ್ಕೆ ಕ್ರಾನಿಕ್ ಬ್ರಾಂಕೈಟಿಸ್ ಅಂತಲೇ ಹೆಸರು. ಹಳೇರೇಡಿಯೋ ಅವರದು ಮೂರು ವರ್ಷ. ನಿಮ್ಮದು 15.

ಕಲ್ಲುಬಂಡೆ:
ಸರಿ, ಶ್ವಾಸಕೋಶದ ಮಾತು ಒಪ್ಪಿದೆ. ಹೃದಯ ಎಲ್ಲಿಂದ ಬಂತು?

ನೀಲಿಕೊಡೆ:
ನಾನು ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುವ ಡಾಕ್ಟರ್. ಈ ಪ್ರಶ್ನೆಯನ್ನು ರೋಗಿಗಳು ದಿನಾ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೊಗೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಕೂರುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ರಕ್ತಕ್ಕೆ ಇಳಿಯುತ್ತದೆ. ನಿಕೋಟಿನ್ ಹೃದಯದ ಬಡಿತವನ್ನೂ ಬಿಪಿಯನ್ನೂ ಏರಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೋಗಿ ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕ ಕೂರುವ ಜಾಗವನ್ನೇ ಹಿಡಿಯುತ್ತದೆ. ಹೃದಯಕ್ಕೆ ಕೆಲಸ ಜಾಸ್ತಿ, ಸಿಗುವ ಆಮ್ಲಜನಕ ಕಡಿಮೆ. ರಕ್ತನಾಳದ ಒಳಮೈ ಹಾಳಾಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬೇಗ ಅಂಟಿಕೊಳ್ಳುತ್ತವೆ, ರಕ್ತದ ಗಡ್ಡೆ ಕಟ್ಟುವುದು ಸುಲಭ ಆಗುತ್ತದೆ. ಇದರ ಮೇಲೆ, ಎದೆಯಲ್ಲಿ ಯಾವಾಗಲೂ ಕಫ, ಉರಿಯೂತ ಇರುವವರಲ್ಲಿ ಆ ಉರಿಯೂತದ ಅಂಶಗಳು ರಕ್ತದಲ್ಲೂ ಓಡಾಡುತ್ತವೆ. ಕೊಬ್ಬಿನ ಪದರ ಇರುವ ರಕ್ತನಾಳಕ್ಕೆ ಅದು ಒಳ್ಳೆಯದಲ್ಲ.

ಅಮೆರಿಕ ಮತ್ತು ಕೆನಡಾದಲ್ಲಿ 1986ರಲ್ಲಿ ಶುರುವಾದ ಲಂಗ್ ಹೆಲ್ತ್ ಸ್ಟಡಿ ಅಂತ ಒಂದು ದೊಡ್ಡ ಅಧ್ಯಯನ ಇದೆ. 5,887 ಧೂಮಪಾನಿಗಳು, ಎಲ್ಲರೂ ಮಧ್ಯವಯಸ್ಕರು, ಶ್ವಾಸನಾಳ ಸ್ವಲ್ಪ ಮಟ್ಟಿಗೆ ಕಿರಿದಾಗಿದ್ದವರು. 14.5 ವರ್ಷದ ಲೆಕ್ಕ ತೆಗೆದಾಗ 731 ಜನ ತೀರಿಕೊಂಡಿದ್ದರು. ಶ್ವಾಸಕೋಶದ ಕ್ಯಾನ್ಸರಿನಿಂದ 33%. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ 22%. ಕ್ಯಾನ್ಸರ್ ಬಿಟ್ಟು ಉಳಿದ ಶ್ವಾಸಕೋಶದ ಕಾಯಿಲೆಗಳಿಂದ ಹೋದವರು 8% ಕೂಡ ಇಲ್ಲ. ಕೆಮ್ಮು, ಏದುಸಿರು ಅಂತ ಬಂದವರ ಹೃದಯವನ್ನು ನೋಡದೆ ಕಳಿಸಲು ನನಗೆ ಮನಸ್ಸು ಬರದಿರುವುದಕ್ಕೆ ಇದೇ ಕಾರಣ. ನಿಮ್ಮ ಡಾಕ್ಟರಿಗೂ ಅದೇ ಯೋಚನೆ ಬಂದಿರಬೇಕು.

ಕಲ್ಲುಬಂಡೆ:
ಒಂದು ನಿಮಿಷ. ಇವರೆಲ್ಲ ಸಿಗರೇಟು ಸೇದುವವರೇ ಅಲ್ವಾ? ಜಾಸ್ತಿ ಸೇದುವವರಿಗೆ ಕೆಮ್ಮು ಜಾಸ್ತಿ, ಜಾಸ್ತಿ ಸೇದುವವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ. ಅಷ್ಟಕ್ಕೆ ಕೆಮ್ಮಿಗೂ ಹೃದಯಕ್ಕೂ ನಂಟು ಇದೆ ಅನ್ನಲು ಆಗುತ್ತದಾ?

ಪೆನ್ಸಿಲ್‌ಚೂರು:
ಒಳ್ಳೆಯ ಪ್ರಶ್ನೆ. ಫಿನ್ಲೆಂಡಿನಲ್ಲಿ ಇದನ್ನೇ ನೋಡಿದ್ದಾರೆ, 1996ರಲ್ಲಿ ಪ್ರಕಟವಾಯಿತು. 13 ವರ್ಷ ಜನರ ಬೆನ್ನು ಹಿಡಿದು ನೋಡಿದರು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಇವುಗಳ ಪಾಲನ್ನು ಲೆಕ್ಕದಿಂದ ತೆಗೆದ ಮೇಲೂ, ಕಫದ ಕೆಮ್ಮು ಇದ್ದವರಿಗೆ ಹೃದಯದ ರಕ್ತನಾಳದ ಕಾಯಿಲೆ ಜಾಸ್ತಿಯೇ ಇತ್ತು. ಪಾಲು ತೆಗೆಯುವುದು ಯಾವತ್ತೂ ಪೂರ್ತಿ ಆಗುವುದಿಲ್ಲ, ಅದು ನಿಜ. ಹೊಗೆಯನ್ನು ಎಷ್ಟು ಆಳಕ್ಕೆ ಎಳೆಯುತ್ತಾರೆ ಅನ್ನುವುದು ಪ್ರಶ್ನೆಪತ್ರಿಕೆಯಲ್ಲಿ ಸಿಗುವುದಿಲ್ಲ ನೋಡಿ. ಆದರೆ ರೋಗಿಯ ಮಟ್ಟಿಗೆ ಅದರಿಂದ ಏನು ವ್ಯತ್ಯಾಸ? ಕೆಮ್ಮು ತಾನೇ ಕಾರಣ ಇರಲಿ, ಕಾರಣದ ಗುರುತು ಇರಲಿ, ಕೆಮ್ಮುವವನ ಅಪಾಯ ಜಾಸ್ತಿ.

ಕಲ್ಲುಬಂಡೆ:
ಗುರುತು ಅಂದರೆ ಒಪ್ಪುತ್ತೇನೆ. ಕಾರಣ ಅಂದರೆ ಇನ್ನೂ ಒಪ್ಪಲ್ಲ.

ಪೆನ್ಸಿಲ್‌ಚೂರು:
ಗುರುತು ಅಂತ ಒಪ್ಪಿದರೂ ಇಸಿಜಿ ಮಾಡಿಸಬೇಕು 🙂

ಸಂಜೆಮಲ್ಲಿಗೆ:
ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಅಪ್ಪನ ವಿಷಯ ಹೇಳುತ್ತೇನೆ.

ಅಪ್ಪನಿಗೆ ಸಿಓಪಿಡಿ ಇತ್ತು, 61 ವರ್ಷ. ಎದೆಗೆ ಸೋಂಕು ಆಗಿ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಮನೆಗೆ ಬಂದಿದ್ದರು. ಮನೆಗೆ ಬಂದ ಮಾರನೇ ದಿನ ರಾತ್ರಿ "ಉಸಿರು ಕಟ್ಟುತ್ತಿದೆ" ಅಂದರು. ನಮಗೆ ಅದು ಮಾಮೂಲಿ ಮಾತು. ನೆಬ್ಯುಲೈಸರ್ ಹಚ್ಚಿದೆವು. ಅದು ಗುರ್ ಅಂತ ಸದ್ದು ಮಾಡುತ್ತಿದೆ, ಅಪ್ಪ ಮಾಸ್ಕ್ ಒಳಗಿಂದಲೇ ತಲೆ ಅಲ್ಲಾಡಿಸುತ್ತಿದ್ದಾರೆ, ಇದು ಅಲ್ಲ, ಇದು ಬೇರೆ ಅನ್ನುವ ಹಾಗೆ. ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು, ಅಷ್ಟು ಬೆವರು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಎಡಗೈಯ ಮೊಣಕೈ ಹತ್ತಿರ ಉಜ್ಜಿಕೊಳ್ಳುತ್ತಲೇ ಇದ್ದರು. ನಾವು ಎರಡನೇ ಸಲ ನೆಬ್ಯುಲೈಸರ್ ಕೊಟ್ಟೆವು. ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ತಮ್ಮ "ಇದು ದಿನದ ಥರ ಇಲ್ಲ" ಅಂತ ಆಂಬುಲೆನ್ಸ್ ಕರೆದ. ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದರು, ಬದುಕಿದರು. ಆದರೆ ಹೃದಯದ ಒಂದು ಭಾಗ ಸೋತುಹೋಯಿತು, ಅದು ವಾಪಸ್ ಬರಲಿಲ್ಲ.

ಎದೆಯ ಸೋಂಕು ಆದ ಮೇಲೆ ಕೆಲವು ದಿನ ಹೃದಯಕ್ಕೆ ಅಪಾಯ ಜಾಸ್ತಿ ಅಂತ ಡಿಸ್ಚಾರ್ಜ್ ಆಗುವಾಗ ನಮಗೆ ಯಾರೂ ಹೇಳಲಿಲ್ಲ. ಒಂದೇ ಒಂದು ಸಾಲು ಹೇಳಿದ್ದರೆ ಆ ಮುಕ್ಕಾಲು ಗಂಟೆ ಉಳಿಯುತ್ತಿತ್ತು. ಇದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಗಾಳಿಪಟ:
ಅಕ್ಕ, ಓದಿ ತುಂಬ ಬೇಜಾರಾಯಿತು. ಅಪ್ಪ ಈಗ ಹೇಗಿದ್ದಾರೆ?

ಸಂಜೆಮಲ್ಲಿಗೆ:
ಇದ್ದಾರೆ. ನಿಧಾನಕ್ಕೆ ನಡೆಯುತ್ತಾರೆ. ಸಿಗರೇಟು ಅವತ್ತೇ ಕೊನೆ.

ನೀಲಿಕೊಡೆ:
ಸಂಜೆಮಲ್ಲಿಗೆಯವರೇ, ನೀವು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಬೇಕು. 2010ರಲ್ಲಿ ಬ್ರಿಟನ್ನಿನ ರೋಗಿಗಳ ದಾಖಲೆ ತೆಗೆದು ನೋಡಿದಾಗ, ಸಿಓಪಿಡಿ ಜಾಸ್ತಿಯಾಗಿ ಔಷಧಿ ಶುರು ಮಾಡಿದ ನಂತರದ ಒಂದರಿಂದ ಐದು ದಿನದಲ್ಲಿ ಹಾರ್ಟ್ ಅಟ್ಯಾಕ್ ಆಗುವ ಸಾಧ್ಯತೆ, ಅದೇ ರೋಗಿಯ ಉಳಿದ ದಿನಗಳಿಗಿಂತ ಎರಡು ಪಟ್ಟಿಗೂ ಮೀರಿ ಇತ್ತು. ನಿಮ್ಮ ತಪ್ಪು ಏನೂ ಇಲ್ಲ. ಹೇಳಬೇಕಾದವರು ಹೇಳಬೇಕಿತ್ತು.

ಮನೆಯವರಿಗೆ ನಾನು ಹೇಳುವುದು ಇಷ್ಟು. ಉಸಿರಾಟದ ತೊಂದರೆ ದಿನದ ಥರ ಇಲ್ಲ ಅನ್ನಿಸಿದರೆ, ಪಫ್ ಅಥವಾ ನೆಬ್ಯುಲೈಸರಿಗೆ ಬಗ್ಗದಿದ್ದರೆ, ತಣ್ಣನೆಯ ಬೆವರು, ಎದೆಯಲ್ಲಿ ಭಾರ, ದವಡೆ ಅಥವಾ ತೋಳಿಗೆ ಹರಡುವ ನೋವು, ವಾಂತಿ ಬರುವ ಹಾಗೆ ಆದರೆ ಕಾಯಬೇಡಿ. ಎದೆನೋವೇ ಬರಬೇಕು ಅಂತಿಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಬರೀ ಉಸಿರು ಕಟ್ಟುವುದಷ್ಟೇ ಗುರುತು ಆಗಿರಬಹುದು.

ಚುಕ್ಕಿರಂಗೋಲಿ:
ಡಾಕ್ಟ್ರೇ, ಒಂದು ಪ್ರಶ್ನೆ. ಏದುಸಿರು ಶ್ವಾಸಕೋಶದ್ದೋ ಹೃದಯದ್ದೋ ಅಂತ ಮನೆಯಲ್ಲೇ ಗೊತ್ತಾಗುತ್ತದಾ? ನಮ್ಮ ಯಜಮಾನರು ಎರಡು ದಿಂಬು ಇಟ್ಟುಕೊಂಡು ಮಲಗುತ್ತಾರೆ, ಒಂದೇ ದಿಂಬಾದರೆ ಉಸಿರು ಸಾಲಲ್ಲ ಅಂತಾರೆ. ಮೊದಲು ಹೀಗಿರಲಿಲ್ಲ.

ನೀಲಿಕೊಡೆ:
ಮನೆಯಲ್ಲಿ ಖಚಿತವಾಗಿ ಗೊತ್ತಾಗಲ್ಲ. ಆದರೆ ದಿಂಬಿನ ವಿಷಯ ಹೇಳಿದ್ದು ತುಂಬ ಒಳ್ಳೆಯದಾಯಿತು. ಚಪ್ಪಟೆ ಮಲಗಿದರೆ ಉಸಿರು ಕಟ್ಟುವುದು, ಮಧ್ಯರಾತ್ರಿ ಉಸಿರು ಸಿಗದೆ ಎದ್ದು ಕೂರುವುದು, ಸಂಜೆ ಹೊತ್ತಿಗೆ ಎರಡೂ ಕಾಲು ಊದಿ ಸಾಕ್ಸಿನ ಗುರುತು ಉಳಿಯುವುದು, ಕೆಲವೇ ದಿನದಲ್ಲಿ ತೂಕ ಏರುವುದು, ಇವು ಹೃದಯದ ಕಡೆ ಬೆರಳು ತೋರಿಸುತ್ತವೆ. ಅವರನ್ನು ಈ ವಾರವೇ ಕರೆದುಕೊಂಡು ಹೋಗಿ. ಎಕೋ (ಹೃದಯದ ಸ್ಕ್ಯಾನ್), ಜತೆಗೆ ಬಿಎನ್‌ಪಿ ಅನ್ನುವ ರಕ್ತಪರೀಕ್ಷೆ ಬೇಕಾಗಬಹುದು. ಎರಡೂ ಕಾಯಿಲೆ ಒಟ್ಟಿಗೆ ಇರುವವರೂ ಬೇಕಾದಷ್ಟು ಜನ. ಸಿಓಪಿಡಿ ಅಂತ ಒಂದು ಸಲ ಚೀಟಿ ಅಂಟಿಸಿದ ಮೇಲೆ ಎಲ್ಲ ಏದುಸಿರನ್ನೂ ಅದಕ್ಕೇ ಕಟ್ಟಿಬಿಡುತ್ತೇವೆ. ಈ ತಪ್ಪು ನಾವು ಡಾಕ್ಟರುಗಳೂ ಮಾಡುತ್ತೇವೆ.

ಓಟಗಾರ:
ನಾನು ವಾರಕ್ಕೆ 30 ಕಿಲೋಮೀಟರ್ ಓಡುತ್ತೇನೆ. ದಿನಕ್ಕೆ ಮೂರೇ ಸಿಗರೇಟು. ಮೂರರಿಂದ ಏನೂ ಆಗಲ್ಲ, ಓಟದಲ್ಲಿ ಸುಟ್ಟುಹೋಗುತ್ತದೆ ಅಂತ ನನ್ನ ಲೆಕ್ಕ. ಬೆಳಗ್ಗೆ ಸ್ವಲ್ಪ ಕೆಮ್ಮು ಇದೆ.

ಪೆನ್ಸಿಲ್‌ಚೂರು:
ಓಡುವುದು ಒಳ್ಳೆಯದೇ, ಬಿಡಬೇಡಿ. ಮೂರರ ಲೆಕ್ಕ ಮಾತ್ರ ತಪ್ಪು. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ದಿನಕ್ಕೆ 20 ಸೇದುವವನಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಸೇದುವವನಿಗೂ ಅದರ ಸುಮಾರು ಅರ್ಧದಷ್ಟು ಏರುತ್ತದೆ. 20ರಲ್ಲಿ ಒಂದು ಪಾಲು ಸೇದಿದರೆ 20ರಲ್ಲಿ ಒಂದು ಪಾಲು ಅಪಾಯ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹೃದಯದ ವಿಷಯದಲ್ಲಿ ಹಾಗೆ ನಡೆಯುವುದಿಲ್ಲ. ಮೊದಲ ಒಂದೆರಡು ಸಿಗರೇಟಿಗೇ ಪ್ಲೇಟ್‌ಲೆಟ್, ರಕ್ತನಾಳ ಎಲ್ಲ ಕೆಡುತ್ತದೆ, ಆಮೇಲಿನವು ಅದರ ಮೇಲೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗುತ್ತವೆ.

ಓಟಗಾರ:
ಅರ್ಧನಾ? ಇದು ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಕಲ್ಲುಬಂಡೆ:
ನನಗೂ. ನಾನು 20ರಿಂದ 8ಕ್ಕೆ ಇಳಿಸಿದ್ದೇನೆ, ಹಾಗಾದರೆ ಅದಕ್ಕೆ ಬೆಲೆಯೇ ಇಲ್ವಾ?

ನೀಲಿಕೊಡೆ:
ಬೆಲೆ ಇದೆ. ಬಿಡುವ ದಾರಿಯಲ್ಲಿ ಅದು ಒಂದು ಮೆಟ್ಟಿಲು. ಕ್ಯಾನ್ಸರಿನ ಅಪಾಯವೂ ಇಳಿಯುತ್ತದೆ. ಆದರೆ 8ರಲ್ಲಿ ನಿಂತು ಹೃದಯ ಕ್ಷೇಮ ಅಂದುಕೊಳ್ಳಬೇಡಿ. ಇನ್ನೊಂದು ಗಮನಿಸಿ, ಸಂಖ್ಯೆ ಕಡಿಮೆ ಮಾಡಿದವರು ಗೊತ್ತಿಲ್ಲದೇ ಒಂದೊಂದನ್ನೂ ಆಳವಾಗಿ, ಫಿಲ್ಟರಿನ ತುದಿವರೆಗೂ ಎಳೆಯುತ್ತಾರೆ. "ಲೈಟ್" ಸಿಗರೇಟಿನಲ್ಲೂ ಇದೇ ಆಗುತ್ತದೆ, ಫಿಲ್ಟರಿನ ಸಣ್ಣ ತೂತುಗಳನ್ನು ಬೆರಳು, ತುಟಿ ಮುಚ್ಚಿಬಿಡುತ್ತವೆ.

ಮೇಷ್ಟ್ರು64:
ನನ್ನ ಅನುಭವ ಒಂದು. 35 ವರ್ಷ ಸೇದಿದವನು, ಬಿಟ್ಟು ಆರು ವರ್ಷ. ಕೆಮ್ಮು, ಕಫ ಇತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಬಲಗಾಲಿನ ಮೀನಖಂಡ. ಸುಮಾರು ಇನ್ನೂರು ಹೆಜ್ಜೆ ನಡೆದರೆ ಯಾರೋ ಹಿಡಿದು ಹಿಂಡಿದ ಹಾಗೆ. ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ಮತ್ತೆ ಇನ್ನೂರು ಹೆಜ್ಜೆ, ಮತ್ತೆ ಅದೇ ನೋವು. ನರ ಎಳೆತ ಅಂತ ಎಣ್ಣೆ ತಿಕ್ಕಿಸಿಕೊಂಡು ಒಂದು ವರ್ಷ ಕಳೆದೆ. ಉಸಿರಾಟಕ್ಕೆ ಅಂತ ಹೋದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಾಕ್ಸ್ ತೆಗೆಸಿ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಎಡಪಾದದಲ್ಲಿ ಸಿಕ್ಕಿತು, ಬಲಪಾದದಲ್ಲಿ ಸಿಗಲೇ ಇಲ್ಲ. ಆಮೇಲೆ ತೋಳಿನ ಬಿಪಿ, ಕಾಲಿನ ಬಿಪಿ ಎರಡೂ ನೋಡಿ ಹೋಲಿಸಿದರು. ಕಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ಕಾಲಿನಲ್ಲಿ ಹೀಗಾಗಿದ್ದರೆ ಹೃದಯದಲ್ಲೂ ಕತ್ತಿನ ರಕ್ತನಾಳದಲ್ಲೂ ಆಗಿರಬಹುದು ಅಂತ ಅಲ್ಲಿಂದ ಎಲ್ಲ ಪರೀಕ್ಷೆ ಶುರುವಾಯಿತು.

ಈಗ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಜತೆಗೆ ಆಸ್ಪಿರಿನ್ ನಡೆಯುತ್ತಿದೆ. ದಿನಾ ನೋವು ಬರುವವರೆಗೆ ನಡೆ, ನಿಲ್ಲು, ಮತ್ತೆ ನಡೆ ಅಂದಿದ್ದಾರೆ. ಹಾಗೇ ಮಾಡುತ್ತಾ ಈಗ ಎರಡು ಕಿಲೋಮೀಟರ್ ನಡೆಯುತ್ತೇನೆ. ಡಾಕ್ಟರ ಹತ್ತಿರ ಹೋದಾಗ ಕಾಲಿನ ನೋವೂ ಹೇಳಿ ಅಂತ ನನ್ನ ವಿನಂತಿ.

ಗಾಳಿಪಟ:
ಮೇಷ್ಟ್ರೇ, 35 ವರ್ಷದ ಮೇಲೆ ಹೇಗೆ ಬಿಟ್ಟಿರಿ?

ಮೇಷ್ಟ್ರು64:
ಐದು ಸಲ ಸೋತು ಆರನೇ ಸಲ. ಮೊದಲ ಐದೂ ಸಲ ಸುಮ್ನೆ ಮನಸ್ಸು ಗಟ್ಟಿ ಮಾಡಿದ್ದೆ. ಆರನೇ ಸಲ ಮಾತ್ರೆ ತೆಗೆದುಕೊಂಡೆ, ವರೆನಿಕ್ಲಿನ್, 12 ವಾರ. ಮೊದಲ ವಾರ ಸೇದುತ್ತಲೇ ಮಾತ್ರೆ ತೆಗೆದುಕೊಳ್ಳಬೇಕು, ಎಂಟನೇ ದಿನ ಬಿಡಬೇಕು ಅಂದಿದ್ದರು. ಆರನೇ ದಿನಕ್ಕೇ ಸಿಗರೇಟು ರುಚಿ ಕಳೆದುಕೊಂಡಿತು. ಸ್ವಲ್ಪ ಹೊಟ್ಟೆ ತೊಳಸುತ್ತಿತ್ತು, ಊಟ ಆದ ಮೇಲೆ ನುಂಗಿದರೆ ಸರಿ ಹೋಯಿತು.

ಚುಕ್ಕಿರಂಗೋಲಿ:
ಆ ಮಾತ್ರೆಯಿಂದ ಮನಸ್ಸು ಕೆಡುತ್ತದೆ, ಖಿನ್ನತೆ ಬರುತ್ತದೆ ಅಂತ ಎಲ್ಲೋ ಓದಿದ್ದೆ.

ನೀಲಿಕೊಡೆ:
ಆ ಭಯ ಮೊದಲು ಇತ್ತು, ಎಚ್ಚರಿಕೆಯೂ ಹಾಕಿದ್ದರು. ಅದನ್ನೇ ಪರೀಕ್ಷಿಸಲು ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಪ್ರಯೋಗ ನಡೆಯಿತು, 2016ರಲ್ಲಿ ಫಲಿತಾಂಶ ಬಂತು. ನಿಕೋಟಿನ್ ಪ್ಯಾಚ್‌ಗಾಗಲಿ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಾಗಲಿ ಹೋಲಿಸಿದರೆ ಮನಸ್ಸಿನ ತೊಂದರೆ ಗಮನಾರ್ಹವಾಗಿ ಜಾಸ್ತಿ ಕಾಣಲಿಲ್ಲ. ಬಿಟ್ಟವರ ಸಂಖ್ಯೆ ಮಾತ್ರ ವರೆನಿಕ್ಲಿನ್ ಗುಂಪಿನಲ್ಲೇ ಎಲ್ಲಕ್ಕಿಂತ ಜಾಸ್ತಿ. ಮೊದಲಿಂದ ಮನಸ್ಸಿನ ಕಾಯಿಲೆ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಓಟಗಾರ:
ಈ-ಸಿಗರೇಟು ಹೇಗೆ? ಅದಕ್ಕೆ ಬದಲಾಯಿಸಿದರೆ ಹೃದಯಕ್ಕೆ ಒಳ್ಳೆಯದಾ?

ಉಸಿರುಲೆಕ್ಕ:
ಊದುವ ಟೆಸ್ಟಿಗೆ ಬರುವವರಲ್ಲಿ ಎರಡನ್ನೂ ಒಟ್ಟಿಗೆ ಸೇದುವವರೇ ಜಾಸ್ತಿ ಸಿಗುತ್ತಾರೆ ನನಗೆ. ಆಫೀಸಿನಲ್ಲಿ ಅದು, ಮನೆಯಲ್ಲಿ ಇದು. ಬದಲಾಯಿಸಿದೆ ಅನ್ನುತ್ತಾರೆ, ಜೇಬಿನಲ್ಲಿ ಎರಡೂ ಇರುತ್ತದೆ.

ನೀಲಿಕೊಡೆ:
ಅದರಲ್ಲಿ ಸುಟ್ಟ ತಂಬಾಕಿನ ಕಾರ್ಬನ್ ಮಾನಾಕ್ಸೈಡ್ ಇರುವುದಿಲ್ಲ, ನಿಜ. ನಿಕೋಟಿನ್ ಇರುತ್ತದೆ, ಬಡಿತ ಮತ್ತು ಬಿಪಿ ಏರುತ್ತದೆ. ಈ ಎಳೆ ಬೇರೆ ಕಡೆಗೆ ಹೋಗುತ್ತದೆ, ಅದಕ್ಕೆ ಬೇರೆಯೇ ಮಾತಾಡೋಣ. ಕೆಮ್ಮು, ಕಫ ಇರುವವರಿಗೆ ನನ್ನ ಸಲಹೆ ಪ್ಯಾಚ್, ಗಮ್, ಮಾತ್ರೆ.

ಚುಕ್ಕಿರಂಗೋಲಿ:
ಇನ್ನೊಂದು ಕೇಳಿಬಿಡುತ್ತೇನೆ. ಯಜಮಾನರಿಗೆ ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿದ್ದಾರೆ. ಉಸಿರಾಟದ ಕಾಯಿಲೆ ಇರುವವರು ಅದನ್ನು ಮುಟ್ಟಲೇಬಾರದು ಅಂತ ಮೆಡಿಕಲ್ ಶಾಪಿನವರು ಹೇಳಿದರು. ನಿಲ್ಲಿಸಿಬಿಡಲಾ?

ಕಲ್ಲುಬಂಡೆ:
ನನಗೂ ಹಾಗೇ ಹೇಳಿದ್ದರು. ನಿಲ್ಲಿಸಿ ಅಕ್ಕ, ರಿಸ್ಕ್ ಯಾಕೆ.

ನೀಲಿಕೊಡೆ:
ದಯವಿಟ್ಟು ನಿಲ್ಲಿಸಬೇಡಿ! ಬೀಟಾ ಬ್ಲಾಕರನ್ನು ಏಕಾಏಕಿ ಬಿಟ್ಟರೆ ಬಿಪಿ ಏರಬಹುದು, ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಅಟ್ಯಾಕ್ ಕೂಡ ಆಗಬಹುದು. ಕಲ್ಲುಬಂಡೆಯವರೇ, ಇಂಥ ಸಲಹೆ ಕೊಡಬೇಡಿ. ಹಳೆಯ ಥರದವು, ಪ್ರೊಪ್ರನೊಲಾಲ್‌ನಂಥವು, ಶ್ವಾಸನಾಳವನ್ನು ಬಿಗಿ ಮಾಡುತ್ತವೆ. ಬಿಸೊಪ್ರೊಲಾಲ್, ಮೆಟೊಪ್ರೊಲಾಲ್‌ನಂಥವು ಹೆಚ್ಚಾಗಿ ಹೃದಯದ ಮೇಲೇ ಕೆಲಸ ಮಾಡುತ್ತವೆ. ಹಾರ್ಟ್ ಅಟ್ಯಾಕ್ ಆಗಿದ್ದರೆ, ಹೃದಯ ಸೋತಿದ್ದರೆ ಸಿಓಪಿಡಿ ಇದ್ದವರಿಗೂ ಕೊಡುತ್ತೇವೆ. ಆದರೆ ಸಿಓಪಿಡಿ ಸುಧಾರಿಸಲಿ ಅಂತ ಮಾತ್ರ ಕೊಡುವುದಿಲ್ಲ, ಮೆಟೊಪ್ರೊಲಾಲಿನಲ್ಲಿ ಹಾಗೆ ಪ್ರಯತ್ನಿಸಿದ ಪ್ರಯೋಗ 2019ರಲ್ಲಿ ಉಪಯೋಗ ತೋರಿಸಲಿಲ್ಲ. ನಿಮ್ಮವರದು ಯಾವುದು, ಯಾಕೆ ಕೊಟ್ಟಿದ್ದಾರೆ ಅಂತ ಬರೆದವರನ್ನೇ ಕೇಳಿ. ಅಸ್ತಮಾ ಇದ್ದರೆ ಅದನ್ನೂ ತಪ್ಪದೆ ಹೇಳಿ, ಅಲ್ಲಿ ಎಚ್ಚರಿಕೆ ಇನ್ನೂ ಜಾಸ್ತಿ ಬೇಕು.

ಕಲ್ಲುಬಂಡೆ:
ತಪ್ಪಾಯಿತು. ಅಕ್ಕ, ನನ್ನ ಮಾತು ಬಿಡಿ, ಡಾಕ್ಟ್ರು ಹೇಳಿದ ಹಾಗೆ ಮಾಡಿ.

ಪೆನ್ಸಿಲ್‌ಚೂರು:
ಹೃದಯದ ಅಪಾಯ ಲೆಕ್ಕ ಹಾಕುವ ಕ್ಯಾಲ್ಕುಲೇಟರುಗಳ ಬಗ್ಗೆ ಒಂದು ಮಾತು. ವಯಸ್ಸು, ಬಿಪಿ, ಕೊಲೆಸ್ಟರಾಲ್, ಸಿಗರೇಟು ಹಾಕಿದರೆ ಹತ್ತು ವರ್ಷದ ಅಪಾಯ ಇಷ್ಟು ಅಂತ ಬರುತ್ತದೆ. ಅವುಗಳಲ್ಲಿ ಬಹಳಷ್ಟು ಶ್ವಾಸಕೋಶದ ಬಗ್ಗೆ ಕೇಳುವುದೇ ಇಲ್ಲ. ಬ್ರಿಟನ್ನಿನ ಕ್ಯೂರಿಸ್ಕ್-3 ಕೂಡ ಕೇಳುತ್ತಿರಲಿಲ್ಲ. 2024ರಲ್ಲಿ ಬಂದ ಕ್ಯೂಆರ್-4ರಲ್ಲಿ ಸಿಓಪಿಡಿ ಸೇರಿಸಿದ್ದಾರೆ. ಆದ್ದರಿಂದ ಆನ್‌ಲೈನಿನಲ್ಲಿ ಲೆಕ್ಕ ಹಾಕಿ ಕಡಿಮೆ ಬಂತು ಅಂತ ನೆಮ್ಮದಿಯಾಗಿರುವವರು, ಕೆಮ್ಮು ಕಫ ಇದ್ದರೆ ಆ ಸಂಖ್ಯೆಯನ್ನು ಹಾಗೇ ನಂಬಬೇಡಿ.

ಕಲ್ಲುಬಂಡೆ:
ಈಗ 15 ವರ್ಷ ಕೆಮ್ಮಿದ ಮೇಲೆ ಬಿಟ್ಟು ಏನು ಉಪಯೋಗ? ಕೋಪಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನನಗೆ 51.

ನೀಲಿಕೊಡೆ:
51ಕ್ಕೆ ತುಂಬ ಉಪಯೋಗ ಇದೆ. ಬ್ರಿಟನ್ನಿನ ಡಾಕ್ಟರುಗಳನ್ನೇ 1951ರಿಂದ 50 ವರ್ಷ ಗಮನಿಸಿದ ಅಧ್ಯಯನ ಇದೆ. ಬಿಡದೆ ಸೇದಿದವರು ಸರಾಸರಿ 10 ವರ್ಷ ಆಯಸ್ಸು ಕಳೆದುಕೊಂಡರು. 50ರ ಹೊತ್ತಿಗೆ ಬಿಟ್ಟವರು ಅದರಲ್ಲಿ ಸುಮಾರು 6 ವರ್ಷ ವಾಪಸ್ ಪಡೆದರು, 60ಕ್ಕೆ ಬಿಟ್ಟವರೂ 3 ವರ್ಷ. ರಕ್ತದಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲೇ ಇಳಿಯುತ್ತದೆ. ಹೃದಯದ ಹೆಚ್ಚುವರಿ ಅಪಾಯ ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕೆ ಬರುತ್ತದೆ. ಶ್ವಾಸಕೋಶದಲ್ಲಿ ಹೋದದ್ದು ಪೂರ್ತಿ ವಾಪಸ್ ಬರಲ್ಲ, ಆದರೆ ಇಳಿಯುವ ವೇಗ ಕಡಿಮೆ ಆಗುತ್ತದೆ.

ಒಂದು ಎಚ್ಚರಿಕೆ. ಬಿಟ್ಟ ಮೊದಲ ಕೆಲವು ವಾರ ಕೆಲವರಿಗೆ ಕೆಮ್ಮು ಜಾಸ್ತಿ ಆಗುತ್ತದೆ. ಶ್ವಾಸನಾಳದ ಸಣ್ಣ ಕೂದಲುಗಳು ಮತ್ತೆ ಕೆಲಸ ಶುರು ಮಾಡಿ ಕಫ ಮೇಲೆ ತಳ್ಳುತ್ತವೆ. "ಬಿಟ್ಟಮೇಲೇ ಕೆಮ್ಮು ಜಾಸ್ತಿ ಆಯಿತು" ಅಂತ ಮತ್ತೆ ಹಚ್ಚಿಕೊಂಡವರನ್ನು ತುಂಬ ಜನ ನೋಡಿದ್ದೇನೆ. ತಡೆದುಕೊಳ್ಳಿ. ರಕ್ತ ಕಂಡರೆ ಅಥವಾ ತೂಕ ಇಳಿದರೆ ಮಾತ್ರ ತಕ್ಷಣ ತೋರಿಸಿ.

ಸಂಜೆಮಲ್ಲಿಗೆ:
ಫ್ಲೂ ಲಸಿಕೆಯನ್ನೂ ಹೇಳಿ ಡಾಕ್ಟ್ರೇ. ಅಪ್ಪನಿಗೆ ಈಗ ಪ್ರತಿ ವರ್ಷ ಹಾಕಿಸುತ್ತೇವೆ.

ನೀಲಿಕೊಡೆ:
ಹೌದು, ಹಾಕಿಸಿ. ಸೋಂಕು ತಡೆದರೆ ಎದೆಗೂ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು. ಹಾರ್ಟ್ ಅಟ್ಯಾಕ್ ಆದ ಕೂಡಲೇ ಫ್ಲೂ ಲಸಿಕೆ ಕೊಟ್ಟು ನೋಡಿದ 2021ರ ಪ್ರಯೋಗದಲ್ಲಿ ಸಾವು ಕಡಿಮೆಯಾಗಿತ್ತು. ನ್ಯುಮೋನಿಯಾ ಲಸಿಕೆಯನ್ನೂ ಕೇಳಿ.

ಹಳೇರೇಡಿಯೋ:
ಎಲ್ಲರಿಗೂ ಧನ್ಯವಾದ. ಇವತ್ತು ಎಲ್ಲ ಟೆಸ್ಟ್ ಮಾಡಿಸಿ ಬಂದೆ. ಇಸಿಜಿ ಸರಿ ಇದೆ ಅಂದರು. ಬಿಪಿ ಎರಡು ಸಲ ನೋಡಿದರು, 152/96 ಮತ್ತು 148/94. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 168. ಸಕ್ಕರೆ ನಾರ್ಮಲ್. ಒಂದು ವಾರ ಮನೆಯಲ್ಲಿ ಬಿಪಿ ಬರೆದಿಟ್ಟು ಬನ್ನಿ, ಸ್ಟ್ಯಾಟಿನ್ ಬಗ್ಗೆ ಆಗ ಮಾತಾಡೋಣ ಅಂದಿದ್ದಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಇದೆ ಅಂತ ಎಕೋ ಕೂಡ ಮಾಡಿಸಲು ಹೇಳಿದ್ದಾರೆ. ನಾನು ಕೆಮ್ಮಿನ ಸಿರಪ್ ಬರೆಸಿಕೊಂಡು ಬಂದುಬಿಡುತ್ತಿದ್ದೆ, ಈ ಬಿಪಿ ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಪ್ಯಾಚ್ ತಂದಿದ್ದೇನೆ, ಜತೆಗೆ ಗಮ್. ನಾಳೆ ಬೆಳಗ್ಗೆಯಿಂದ ಶುರು.

ಉಸಿರುಲೆಕ್ಕ:
ಬಿಪಿ ನೋಡುವ ಮುಂಚೆ ಅರ್ಧ ಗಂಟೆ ಸಿಗರೇಟು, ಕಾಫಿ ಬೇಡ. ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂತು ಆಮೇಲೆ ನೋಡಿ.

ಮೇಷ್ಟ್ರು64:
ಗಮ್ಮನ್ನು ಬಬಲ್‌ಗಮ್ ಥರ ಜಗಿಯಬೇಡಿ. ನಾಲ್ಕೈದು ಸಲ ಜಗಿದು ನಾಲಿಗೆ ಚುರುಗುಟ್ಟಿದ ಕೂಡಲೇ ದವಡೆಯ ಪಕ್ಕಕ್ಕೆ ತಳ್ಳಿ ಇಡಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಬೆಳಗ್ಗೆ ಕೆಮ್ಮಿ ಮುಗಿದ ಕೂಡಲೇ ಒಂದು ಹಚ್ಚುವ ಅಭ್ಯಾಸ ಇರುತ್ತದೆ ನೋಡಿ, ಆ ಹೊತ್ತಿಗೆ ಗಮ್ ಕೈಗೆ ಸಿಗುವ ಹಾಗೆ ವಾಷ್‌ಬೇಸಿನ್ ಪಕ್ಕದಲ್ಲೇ ಇಟ್ಟುಕೊಳ್ಳಿ.

ಹಳೇರೇಡಿಯೋ:
ಇಟ್ಟೆ ಮೇಷ್ಟ್ರೇ. ಪ್ಯಾಚ್ ರಾತ್ರಿ ತೆಗೆಯಬೇಕಾ?

ನೀಲಿಕೊಡೆ:
24 ಗಂಟೆಯ ಪ್ಯಾಚ್ ಆದರೆ ಹಾಗೇ ಇರಲಿ. ಕೆಟ್ಟ ಕನಸು ಬಿದ್ದು ನಿದ್ದೆ ಹಾಳಾದರೆ ಮಲಗುವಾಗ ತೆಗೆದುಬಿಡಿ. ದಿನಾ ಬೇರೆ ಬೇರೆ ಜಾಗಕ್ಕೆ ಅಂಟಿಸಿ, ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ.

ಕಲ್ಲುಬಂಡೆ:
ಹಳೇರೇಡಿಯೋ ಅವರೇ, ಊದುವ ಟೆಸ್ಟಿಗೆ ಮೊದಲೇ ಹೇಳಿ ಹೋಗಬೇಕಾ, ನೇರ ಹೋದರೆ ಮಾಡುತ್ತಾರಾ?

ಉಸಿರುಲೆಕ್ಕ:
ಮೊದಲೇ ಕೇಳಿಕೊಂಡು ಹೋಗಿ. ಪಫ್ ಬಳಸುತ್ತಿದ್ದರೆ ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ಒಂದು ಗಂಟೆ ಮುಂಚಿನಿಂದ ಸಿಗರೇಟು ಬೇಡ, ಹೊಟ್ಟೆ ತುಂಬ ಊಟವೂ ಬೇಡ. ಇಸಿಜಿಯನ್ನೂ ಅವತ್ತೇ ಮಾಡಿಸಿಬಿಡಿ.